ಮಯಸ್ತೇನಿಯಾ ಇದ್ದವರಿಗೆ ಇನ್ನೊಂದು ಆಟೊಇಮ್ಯೂನ್ ಕಾಯಿಲೆಯೂ ಬಂದರೆ: ಗುರುತಿಸುವುದು ಹೇಗೆ, ನಿಭಾಯಿಸುವುದು ಹೇಗೆ

ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ (ಚಿಕ್ಕದಾಗಿ ಎಂಜಿ) ಇದೆ ಎಂದು ಒಮ್ಮೆ ಗೊತ್ತಾದ ಮೇಲೆ ಮನೆಯಲ್ಲಿ ಒಂದು ಅಭ್ಯಾಸ ಶುರುವಾಗುತ್ತದೆ. ಸುಸ್ತಾದರೆ ಎಂಜಿ. ಕೂದಲು ಉದುರಿದರೆ ಎಂಜಿ ಮಾತ್ರೆಯ ಪರಿಣಾಮ. ಎದೆ ಡವಡವ ಅಂದರೆ ಟೆನ್ಷನ್. ಬೆರಳ ಗಂಟು ಊದಿದರೆ ವಯಸ್ಸು. ಹೊಸ ತೊಂದರೆ ಯಾವುದೇ ಬರಲಿ, ಹಳೇ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತೇವೆ.

ಆದರೆ ಎಂಜಿ ಇರುವ 100 ಜನರಲ್ಲಿ ಸುಮಾರು 15 ಜನರಿಗೆ ಇನ್ನೊಂದು ಆಟೊಇಮ್ಯೂನ್ ಕಾಯಿಲೆಯೂ, ಅಂದರೆ ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆಯೂ, ಇರುತ್ತದೆ. ಥೈರಾಯ್ಡ್ ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಕೀಲುವಾತ, ಚರ್ಮ, ಕೀಲು, ಮೂತ್ರಪಿಂಡ ಹೀಗೆ ಹಲವು ಕಡೆ ಹಿಡಿಯುವ ಲೂಪಸ್, ತೊನ್ನು, ಬಿ12 ಕೊರತೆಯ ರಕ್ತಹೀನತೆ ಇತ್ಯಾದಿ. ಇವುಗಳಲ್ಲಿ ಬಹಳಷ್ಟಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಗೊತ್ತಾಗಬೇಕು, ಅಷ್ಟೇ.

ಇದಕ್ಕೆ ಇನ್ನೊಂದು ಮುಖವೂ ಇದೆ. ಎರಡನೇ ಕಾಯಿಲೆಗೆ ಬೇರೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಅವರು ಬರೆದ ಮಾತ್ರೆ ಆ ಕಾಯಿಲೆಗೆ ಸರಿಯಾದದ್ದೇ. ಆದರೆ ಎಂಜಿಗೆ ಅದು ಆಗದೇ ಇರಬಹುದು. ನನ್ನ ತಂಗಿಗೆ ಎಂಜಿ ಮತ್ತು ಥೈರಾಯ್ಡ್ ಎರಡೂ ಇವೆ. ಅವಳ ಜೊತೆ ಆಸ್ಪತ್ರೆ ಓಡಾಡುತ್ತಾ ನನಗೆ ಖಚಿತವಾದ ವಿಷಯ ಒಂದೇ: ಎರಡು ಕಾಯಿಲೆಗಳ ನಡುವಿನ ಲೆಕ್ಕ ಇಡುವ ಕೆಲಸ ಕೊನೆಗೆ ಮನೆಯವರ ಮೇಲೇ ಬೀಳುತ್ತದೆ. ಆ ಕೆಲಸವನ್ನು ಹೇಗೆ ಮಾಡುವುದು ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು ಮಾತ್ರ ಡಾಕ್ಟರ್ ತೀರ್ಮಾನ.

ಮೊದಲು: ಇವೆಲ್ಲ ಒಟ್ಟಿಗೆ ಯಾಕೆ ಬರುತ್ತವೆ

ನರದ ತುದಿಯಿಂದ ಎಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಟು ಸ್ನಾಯುವಿನ ಮೇಲಿರುವ ರಿಸೆಪ್ಟರ್‌ಗೆ ತಾಗಿದಾಗ ಸ್ನಾಯು ಬಿಗಿಯಾಗುತ್ತದೆ. ಎಂಜಿಯಲ್ಲಿ ನಮ್ಮದೇ ದೇಹ ತಯಾರಿಸಿದ ಪ್ರತಿಕಾಯಗಳು ಈ ರಿಸೆಪ್ಟರ್‌ಗಳಿಗೆ ಅಂಟಿಕೊಂಡು ಅವನ್ನು ಹಾಳುಮಾಡುತ್ತವೆ. ಮೊದಲ ಕೆಲವು ಸಲ ಸ್ನಾಯು ಕೆಲಸ ಮಾಡುತ್ತದೆ, ಆಮೇಲೆ ಸೋಲುತ್ತದೆ. ಸ್ವಲ್ಪ ವಿಶ್ರಾಂತಿ ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ.

ಕೀಲುವಾತದಲ್ಲಿ ಕೀಲಿನ ಒಳಪೊರೆ, ಥೈರಾಯ್ಡ್ ಕಾಯಿಲೆಯಲ್ಲಿ ಥೈರಾಯ್ಡ್ ಗ್ರಂಥಿ, ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಇದೇ ಥರ ಪೆಟ್ಟು ತಿನ್ನುತ್ತವೆ. ಗುರಿ ಬೇರೆ ಬೇರೆ. ಆದರೆ ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸುವುದರಲ್ಲಿ ಆಗುವ ಎಡವಟ್ಟು ಒಂದೇ ಜಾತಿಯದು. ಹಾಗಾಗಿ ಒಂದು ಇದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ.

ಎಂಜಿ ಆಟೊಇಮ್ಯೂನ್ ಕಾಯಿಲೆ ಎಂಬ ಊಹೆಗೂ ಈ ನಂಟೇ ಒಂದು ಆಧಾರವಾಗಿತ್ತು. ಸ್ಕಾಟ್ಲೆಂಡಿನ ಡಾ. ಜಾನ್ ಸಿಂಪ್ಸನ್ ತಮ್ಮ ಎಂಜಿ ರೋಗಿಗಳಲ್ಲಿ ಥೈರಾಯ್ಡ್, ಕೀಲುವಾತ ಮುಂತಾದವು ಜಾಸ್ತಿ ಕಾಣುವುದನ್ನು ಗಮನಿಸಿದರು. ಸ್ನಾಯುವಿನ ವಿರುದ್ಧವೇ ಪ್ರತಿಕಾಯಗಳು ಹುಟ್ಟುತ್ತಿರಬೇಕು ಎಂದು 1960ರಲ್ಲಿ ಬರೆದರು. ಆಗ ಆ ಪ್ರತಿಕಾಯವನ್ನು ಯಾರೂ ಕಂಡಿರಲಿಲ್ಲ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಈಲ್ ಮೀನಿನಿಂದ ತೆಗೆದ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದಾಗ, ಮೊಲಗಳಲ್ಲೂ ಎಂಜಿಯಂಥದ್ದೇ ನಿಶ್ಶಕ್ತಿ ಕಾಣಿಸಿತು. ಸಿಂಪ್ಸನ್ ಊಹೆಗೆ ಗಟ್ಟಿ ಆಧಾರ ಸಿಕ್ಕಿತು.

ಹಂತ 1: ನಿಮ್ಮ ಎಂಜಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ

ಹಳೇ ಫೈಲ್ ತೆಗೆದು ಮೂರು ವಿಷಯ ಹುಡುಕಿ. ಸಿಗದಿದ್ದರೆ ಮುಂದಿನ ಸಲ ನ್ಯೂರೋ ಡಾಕ್ಟರನ್ನೇ ಕೇಳಿ.

ಯಾವ ಪ್ರತಿಕಾಯ ಪಾಸಿಟಿವ್ ಬಂದಿದೆ? ಇಡೀ ದೇಹಕ್ಕೆ ಹರಡಿದ ಎಂಜಿಯಲ್ಲಿ ಸುಮಾರು 85% ಜನರಿಗೆ ಎಸಿಟೈಲ್‌ಕೋಲಿನ್ ರಿಸೆಪ್ಟರ್ ಪ್ರತಿಕಾಯ ಇರುತ್ತದೆ. ಬರೀ ಕಣ್ಣಿನ ಎಂಜಿಯಲ್ಲಿ ಅದು ಅರ್ಧದಷ್ಟು ಜನರಿಗೆ ಮಾತ್ರ. ಉಳಿದವರಲ್ಲಿ ಕೆಲವರಿಗೆ ಮಸ್ಕ್ ಎಂಬ ಬೇರೆ ಪ್ರತಿಕಾಯ ಇರುತ್ತದೆ.

ಥೈಮಸ್ ಹೇಗಿದೆ? ಎದೆಮೂಳೆಯ ಹಿಂದೆ ಇರುವ ಈ ಗ್ರಂಥಿ ರೋಗನಿರೋಧಕ ಕಣಗಳಿಗೆ ಪಾಠ ಹೇಳುವ ಜಾಗ. ಎಂಜಿ ಇರುವವರಲ್ಲಿ 10ರಿಂದ 15% ಜನರಿಗೆ ಇಲ್ಲಿ ಥೈಮೋಮಾ ಎಂಬ ಗಡ್ಡೆ ಇರುತ್ತದೆ. ಚಿಕ್ಕ ವಯಸ್ಸಿನಲ್ಲಿ ಎಂಜಿ ಬಂದವರಲ್ಲಿ ಗಡ್ಡೆ ಇಲ್ಲದಿದ್ದರೂ ಗ್ರಂಥಿ ದಪ್ಪಗಾಗಿರುವುದು ಸಾಮಾನ್ಯ. ಎದೆಯ ಸಿಟಿ ಸ್ಕ್ಯಾನ್ ವರದಿಯಲ್ಲಿ ಇದು ಸಿಗುತ್ತದೆ.

ಎಂಜಿ ಯಾವ ವಯಸ್ಸಿನಲ್ಲಿ ಶುರುವಾಯಿತು? 50ಕ್ಕೆ ಮುಂಚೆ ಬಂದ ಎಂಜಿ ಹೆಂಗಸರಲ್ಲಿ ಜಾಸ್ತಿ. ಇನ್ನೊಂದು ಆಟೊಇಮ್ಯೂನ್ ಕಾಯಿಲೆ ಜೊತೆಯಾಗುವುದೂ ಇವರಲ್ಲೇ ಹೆಚ್ಚು. ವಯಸ್ಸಾದ ಮೇಲೆ ಬಂದ ಎಂಜಿ ಗಂಡಸರಲ್ಲಿ ಜಾಸ್ತಿ.

ಜೊತೆಗೆ ಮನೆತನದ ವಿಚಾರವನ್ನೂ ಬರೆದಿಡಿ. ಅಮ್ಮನಿಗೆ ಥೈರಾಯ್ಡ್, ಚಿಕ್ಕಮ್ಮನಿಗೆ ತೊನ್ನು, ಅಜ್ಜಿಗೆ ಕೀಲುವಾತ ಇದ್ದರೆ ಅದು ಡಾಕ್ಟರ್‌ಗೆ ಉಪಯುಕ್ತ ಮಾಹಿತಿ. ಮಗಳ ಮದುವೆಗೆ ತೊಂದರೆ ಆಗಬಹುದು ಎಂದು ಕೆಲವರು ಇದನ್ನು ಮುಚ್ಚಿಡುತ್ತಾರೆ. ಎಂಜಿ ತಾಯಿಯಿಂದ ಮಗಳಿಗೆ ನೇರವಾಗಿ ಇಳಿದು ಬರುವ ಕಾಯಿಲೆ ಅಲ್ಲ. ಕುಟುಂಬದಲ್ಲಿ ಇರುವುದು ಆಟೊಇಮ್ಯೂನ್ ಒಲವು ಮಾತ್ರ. ಡಾಕ್ಟರ್ ಎದುರು ಮುಚ್ಚಿಡಬೇಡಿ.

ಹಂತ 2: ಎಂಜಿ ಏನು ಮಾಡುವುದಿಲ್ಲ ಎಂದು ಕಲಿಯಿರಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ. ಎಂಜಿಯ ಲಕ್ಷಣ ಏನೆಂದು ಎಲ್ಲರೂ ಹೇಳಿಕೊಡುತ್ತಾರೆ. ಅದು ಏನು ಮಾಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ.

ಎಂಜಿ ಸ್ನಾಯುವಿನ ಬಲವನ್ನು ಕಿತ್ತುಕೊಳ್ಳುತ್ತದೆ. ಬೆಳಿಗ್ಗೆ ಪರವಾಗಿಲ್ಲ ಅನಿಸಿ ಸಂಜೆಗೆ ರೆಪ್ಪೆ ಜೋತುಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಚಪಾತಿ ಅರ್ಧ ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ. ಫೋನಿನಲ್ಲಿ ಜಾಸ್ತಿ ಹೊತ್ತು ಮಾತಾಡಿದರೆ ಧ್ವನಿ ಮೂಗಿನಲ್ಲಿ ಬರತೊಡಗುತ್ತದೆ. ತಲೆ ಬಾಚಲು ಕೈ ಎತ್ತಿ ಹಿಡಿಯಲು ಆಗುವುದಿಲ್ಲ. ವಿಶ್ರಾಂತಿ ತೆಗೆದುಕೊಂಡರೆ ಇವೆಲ್ಲ ಸ್ವಲ್ಪ ಸರಿಹೋಗುತ್ತವೆ.

ಎಂಜಿಯಿಂದ ಜೋಮು ಹಿಡಿಯುವುದಿಲ್ಲ. ಕೈಕಾಲು ಮರಗಟ್ಟುವುದಿಲ್ಲ. ಕೀಲು ಊದುವುದಿಲ್ಲ. ಜ್ವರ ಬರುವುದಿಲ್ಲ. ಕೂದಲು ಉದುರುವುದಿಲ್ಲ. ಚರ್ಮದ ಮೇಲೆ ಕಲೆ, ದದ್ದು ಏಳುವುದಿಲ್ಲ. ಒಂದು ಕಣ್ಣು ನೋವಿನ ಜೊತೆ ಮಂಜಾಗುವುದಿಲ್ಲ. ಮೂತ್ರ ಕಟ್ಟಿಕೊಳ್ಳುವುದಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಅದಕ್ಕೆ ಬೇರೆ ಕಾರಣ ಇರಬೇಕು. ಅದು ಮಾತ್ರೆಯ ಅಡ್ಡಪರಿಣಾಮ ಇರಬಹುದು, ಇನ್ನೊಂದು ಕಾಯಿಲೆ ಇರಬಹುದು. ಎಂಜಿಯ ಲೆಕ್ಕಕ್ಕೆ ಮಾತ್ರ ಹಾಕಬೇಡಿ.

ಸುಸ್ತಿನ ವಿಚಾರದಲ್ಲಿ ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು. ಮಾಡುತ್ತಾ ಮಾಡುತ್ತಾ ಸ್ನಾಯು ಸೋತು, ಕೂತರೆ ಮರಳಿ ಬರುವುದು ಎಂಜಿಯ ರೀತಿ. ರಾತ್ರಿಯಿಡೀ ಮಲಗಿ ಎದ್ದರೂ ಮೈ ಭಾರ, ನಿದ್ದೆ ಮಬ್ಬು, ಚಳಿ ತಡೆಯುವುದಿಲ್ಲ ಅಂದರೆ ಥೈರಾಯ್ಡ್ ಕಡೆ ನೋಡಬೇಕು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮುಖ ಬಿಳಿಚಿಕೊಂಡಿದೆ ಅಂದರೆ ರಕ್ತದ ಕಡೆ. ಒಂದು ವಾರ ದಿನಕ್ಕೆರಡು ಸಲ ಹೇಗಿತ್ತೆಂದು ಬರೆದಿಟ್ಟರೆ ಈ ವ್ಯತ್ಯಾಸ ಕಾಗದದ ಮೇಲೇ ಕಾಣುತ್ತದೆ.

ಹಂತ 3: ಥೈರಾಯ್ಡನ್ನು ಮೊದಲು ನೋಡಿ

ಎಂಜಿ ಇರುವವರಲ್ಲಿ 10ರಲ್ಲಿ ಒಬ್ಬರ ಆಸುಪಾಸು ಆಟೊಇಮ್ಯೂನ್ ಥೈರಾಯ್ಡ್ ಕಾಯಿಲೆ ಇರುತ್ತದೆ. ಗ್ರಂಥಿ ಜಾಸ್ತಿ ಕೆಲಸ ಮಾಡುವ ಗ್ರೇವ್ಸ್ ಒಂದು, ನಿಧಾನವಾಗುವ ಹಶಿಮೊಟೊ ಇನ್ನೊಂದು. ಈ ನಂಟು ಹಳೆಯದು. 1911ರಲ್ಲಿ ಫರ್ಡಿನಾಂಡ್ ಸೌಯರ್‌ಬ್ರುಕ್ ಎಂಬ ಸರ್ಜನ್ ಒಬ್ಬ ಯುವತಿಯ ಥೈಮಸ್ ಗ್ರಂಥಿ ತೆಗೆದರು. ಅವಳಿಗೆ ಎಂಜಿ ಮತ್ತು ಅತಿಯಾದ ಥೈರಾಯ್ಡ್ ಎರಡೂ ಇದ್ದವು. ಆಪರೇಷನ್ ಆದ ಮೇಲೆ ಅವಳ ಎಂಜಿ ಸುಧಾರಿಸಿತು. ಥೈಮಸ್‌ಗೂ ಎಂಜಿಗೂ ನಂಟಿದೆ ಎಂಬುದಕ್ಕೆ ಸಿಕ್ಕ ಆರಂಭದ ಸುಳಿವುಗಳಲ್ಲಿ ಅದೂ ಒಂದು.

ಥೈರಾಯ್ಡ್ ಜಾಸ್ತಿಯಾದರೂ ಕಡಿಮೆಯಾದರೂ ಎಂಜಿಯ ನಿಶ್ಶಕ್ತಿ ಹೆಚ್ಚುತ್ತದೆ. ಎಂಜಿ ಮಾತ್ರೆ ಸರಿಯಾಗಿ ತಗೊಂಡರೂ ಹಿಡಿತಕ್ಕೆ ಬರುತ್ತಿಲ್ಲ ಅಂದಾಗ ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ) ನೋಡಿಸದೆ ಸ್ಟೀರಾಯ್ಡ್ ಡೋಸ್ ಏರಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೇಳುವುದಕ್ಕೆ ಸಂಕೋಚ ಬೇಡ: "ಡಾಕ್ಟ್ರೇ, ಥೈರಾಯ್ಡ್ ಟೆಸ್ಟ್ ಮಾಡಿ ಎಷ್ಟು ದಿನ ಆಯ್ತು?"

ಕಣ್ಣಿನ ವಿಚಾರದಲ್ಲಿ ಗೊಂದಲ ಜಾಸ್ತಿ. ಗ್ರೇವ್ಸ್ ಕಾಯಿಲೆಯಲ್ಲೂ ಎರಡೆರಡು ಕಾಣಬಹುದು, ಎಂಜಿಯಲ್ಲೂ ಕಾಣಬಹುದು. ಗ್ರೇವ್ಸ್‌ನಲ್ಲಿ ಸಾಮಾನ್ಯವಾಗಿ ಕಣ್ಣು ಮುಂದಕ್ಕೆ ಬಂದಂತಿರುತ್ತದೆ. ಮೇಲಿನ ರೆಪ್ಪೆ ಮೇಲಕ್ಕೆ ಸರಿದು ಗಾಬರಿಗೊಂಡ ನೋಟ ಇರುತ್ತದೆ. ಎಂಜಿಯಲ್ಲಿ ರೆಪ್ಪೆ ಕೆಳಗೆ ಇಳಿಯುತ್ತದೆ. ಎರಡೂ ಇದ್ದವರಲ್ಲಿ ಒಂದು ಕಣ್ಣು ಅಗಲ, ಇನ್ನೊಂದರ ರೆಪ್ಪೆ ಜೋತು ಹೀಗೂ ಕಾಣಬಹುದು. ನಿಮಗೆ ಎಂಜಿ ಇಲ್ಲ, ಥೈರಾಯ್ಡ್ ಮಾತ್ರ ಇದೆ ಅಂತಿಟ್ಟುಕೊಳ್ಳಿ. ಸಂಜೆ ಹೊತ್ತು ರೆಪ್ಪೆ ಬೀಳತೊಡಗಿದರೆ ಕಣ್ಣಿನ ಡಾಕ್ಟರ್‌ಗೆ ಅದನ್ನು ಬಿಡಿಸಿ ಹೇಳಿ. ಹೆದರಬೇಕಾಗಿಲ್ಲ, ಥೈರಾಯ್ಡ್ ಇರುವವರಿಗೆ ಎಂಜಿ ಬರುವುದು ತೀರಾ ಅಪರೂಪ, 100ಕ್ಕೆ ಒಬ್ಬರಿಗಿಂತಲೂ ಕಡಿಮೆ. ಬಿದ್ದ ರೆಪ್ಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಎರಡು ನಿಮಿಷ ಇಟ್ಟಾಗ ಅದು ಸ್ಪಷ್ಟವಾಗಿ ಮೇಲೆದ್ದರೆ ಎಂಜಿಯ ಅನುಮಾನ ಬಲವಾಗುತ್ತದೆ. ಡಾಕ್ಟರುಗಳೂ ಇದೇ ಪರೀಕ್ಷೆ ಮಾಡುತ್ತಾರೆ. ಮೊದಲು, ಆಮೇಲೆ ಎಂದು ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಡಿ. ಬೆಳಿಗ್ಗೆ ಹತ್ತಕ್ಕೆ ಒಪಿಡಿಯಲ್ಲಿ ಕೂತಾಗ ರೆಪ್ಪೆ ಸರಿಯಾಗಿಯೇ ಇರುತ್ತದೆ, ಆಗ ಫೋಟೋ ಕೆಲಸಕ್ಕೆ ಬರುತ್ತದೆ.

ಚಿಕಿತ್ಸೆ ಶುರುವಾದಾಗ ಗಮನಿಸಬೇಕಾದ್ದು ಮೂರು.

ಥೈರಾಯ್ಡ್ ಜಾಸ್ತಿ ಇದ್ದು ಎದೆ ಬಡಿತ ಹೆಚ್ಚಾದರೆ ಸಾಮಾನ್ಯವಾಗಿ ಪ್ರೊಪ್ರಾನೊಲಾಲ್ ಥರದ ಬೀಟಾ ಬ್ಲಾಕರ್ ಕೊಡುತ್ತಾರೆ. ಈ ಗುಂಪಿನ ಔಷಧಿ ಎಂಜಿಯನ್ನು ಹೆಚ್ಚಿಸಬಹುದು. ಕೊಡಲೇಬಾರದು ಅಂತಲ್ಲ. ಎಂಜಿ ಇದೆ ಎಂದು ಗೊತ್ತಿದ್ದು, ಕಣ್ಣಿಟ್ಟು ಕೊಡಬೇಕು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಡ್ರಾಪ್ಸ್ ಕೂಡ ಇದೇ ಗುಂಪಿನದು. ಡ್ರಾಪ್ಸ್ ತಾನೇ ಎಂದು ಹಗುರವಾಗಿ ನೋಡಬೇಡಿ.

ಥೈರಾಯ್ಡ್ ಇಳಿಸಲು ಕಾರ್ಬಿಮಜೋಲ್ ಕೊಟ್ಟಿದ್ದರೆ, ಅಪರೂಪಕ್ಕೆ ಅದರಿಂದ ಬಿಳಿ ರಕ್ತಕಣ ಏಕಾಏಕಿ ಕುಸಿಯಬಹುದು. ಎಂಜಿಗೆ ಕೊಡುವ ಅಜಥಯೋಪ್ರಿನ್ ಕೂಡ ಬಿಳಿ ಕಣ ಇಳಿಸುವ ಮಾತ್ರೆಯೇ. ಎರಡೂ ತಗೊಳ್ಳುವವರಿಗೆ ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಅವತ್ತೇ ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಗಂಟಲು ನೋವಿಗೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವ ರೂಢಿಯನ್ನು ಇವರು ಪೂರ್ತಿ ಬಿಡಬೇಕು.

ಥೈರಾಯ್ಡ್ ಕಡಿಮೆ ಇದ್ದು ಥೈರಾಕ್ಸಿನ್ ತಗೊಳ್ಳುವವರಿಗೆ ಮಾತ್ರೆಗಳ ಹೊತ್ತು ಹೊಂದಿಸುವುದೇ ಕಷ್ಟ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಕಾಫಿಗಿಂತ ಅರ್ಧದಿಂದ ಒಂದು ಗಂಟೆ ಮುಂಚೆ ಬೇಕು. ಎಂಜಿಯ ಪಿರಿಡೊಸ್ಟಿಗ್ಮಿನ್ ಊಟಕ್ಕೆ ಅರ್ಧ, ಮುಕ್ಕಾಲು ಗಂಟೆ ಮುಂಚೆ ತಗೊಂಡರೆ ಅಗಿಯಲು, ನುಂಗಲು ಬಲ ಬರುತ್ತದೆ. ಸ್ಟೀರಾಯ್ಡ್ ತಿಂಡಿ ಆದ ಮೇಲೆ. ಸ್ಟೀರಾಯ್ಡಿನಿಂದ ಮೂಳೆ ಸವೆಯದಿರಲಿ ಎಂದು ಕೊಡುವ ಕ್ಯಾಲ್ಸಿಯಂ ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತದೆ, ಹಾಗಾಗಿ ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ನಮ್ಮ ಮನೆಯ ಫ್ರಿಜ್ ಬಾಗಿಲ ಮೇಲಿನ ಚೀಟಿ ಹೀಗಿದೆ: 6ಕ್ಕೆ ಥೈರಾಕ್ಸಿನ್, ಬರೀ ನೀರಿನ ಜೊತೆ. 7ಕ್ಕೆ ಕಾಫಿ. 7.30ಕ್ಕೆ ಪಿರಿಡೊಸ್ಟಿಗ್ಮಿನ್. 8.15ಕ್ಕೆ ತಿಂಡಿ, ಅದಾದ ಮೇಲೆ ಸ್ಟೀರಾಯ್ಡ್. ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ. ಎಲ್ಲ ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಆಮೇಲೆ ಟಿಎಸ್‌ಎಚ್ ಇಳಿಯುತ್ತಿಲ್ಲ ಎಂದು ಥೈರಾಕ್ಸಿನ್ ಡೋಸ್ ಏರಿಸಿಕೊಳ್ಳುವವರು ತುಂಬ ಜನ ಇದ್ದಾರೆ.

ಇನ್ನೊಂದು ಮಾತು. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಥೈರಾಯ್ಡ್ ಟೆಸ್ಟಿನ ಫಲಿತಾಂಶವೇ ತಪ್ಪು ಬರಬಹುದು. ರಕ್ತ ಕೊಡುವ ಮೊದಲೇ ಲ್ಯಾಬಿಗೆ, ಡಾಕ್ಟರ್‌ಗೆ ತಿಳಿಸಿ.

ಹಂತ 4: ಉಳಿದವುಗಳ ಸುಳಿವು

ಬೆಳಿಗ್ಗೆ ಎದ್ದಾಗ ಬೆರಳ ಗಂಟುಗಳು ಬಿಗಿದುಕೊಂಡು, ಮಡಚಲು ಅರ್ಧ ಗಂಟೆ, ಒಂದು ಗಂಟೆ ಬೇಕಾದರೆ ಕೀಲುವಾತವನ್ನು ನೆನೆಯಿರಿ. ಎಂಜಿ ಸಾಮಾನ್ಯವಾಗಿ ಬೆಳಿಗ್ಗೆ ಹಗುರ, ಕೀಲುವಾತ ಬೆಳಿಗ್ಗೆಯೇ ಜೋರು. ಮುಖದ ಮೇಲೆ ಬಿಸಿಲಿಗೆ ಕೆಂಪಾಗುವುದು, ಬಾಯಿ ಹುಣ್ಣು, ಕೀಲು ನೋವು, ಕಾಲು ಊತ, ಮೂತ್ರದಲ್ಲಿ ನೊರೆ ಸೇರಿಕೊಂಡರೆ ಲೂಪಸ್. ಈ ಎರಡಕ್ಕೂ ಹೈಡ್ರಾಕ್ಸಿಕ್ಲೋರೊಕ್ವಿನ್ ಸಾಮಾನ್ಯವಾಗಿ ಕೊಡುವ ಮಾತ್ರೆ. ಲೂಪಸ್‌ನಲ್ಲಂತೂ ಅದು ತುಂಬ ಬೆಲೆಯುಳ್ಳದ್ದು. ಆದರೆ ಕೆಲವರಲ್ಲಿ ಅದು ಎಂಜಿಯನ್ನು ಕೆದಕುತ್ತದೆ. ಎಷ್ಟೋ ಜನ ತೊಂದರೆಯಿಲ್ಲದೆ ತಗೊಳ್ಳುತ್ತಾರೆ ಕೂಡ. ಆದ್ದರಿಂದ ಇದು ನ್ಯೂರೋ ಡಾಕ್ಟರ್ ಮತ್ತು ಕೀಲಿನ ಡಾಕ್ಟರ್ ಮಾತಾಡಿಕೊಂಡು ತೀರ್ಮಾನಿಸುವ ವಿಷಯ. ಹಿಂದೆ ಕೀಲುವಾತಕ್ಕೆ ಕೊಡುತ್ತಿದ್ದ ಪೆನಿಸಿಲಮೈನ್ ಮಾತ್ರ ಎಂಜಿಯನ್ನೇ ಹುಟ್ಟಿಸಬಲ್ಲದು. ಎಂಜಿ ಇದ್ದವರಿಗೆ ಅದು ಬೇಡ. ಹೆಸರು ಪೆನಿಸಿಲಿನ್ ಥರ ಕೇಳಿಸಿದರೂ ಇದು ಬೇರೆ ಔಷಧಿ.

ಅಂಗಾಲು ಉರಿ, ಜೋಮು, ಕಣ್ಣು ಮುಚ್ಚಿದರೆ ತೂರಾಡುವುದು, ನಾಲಿಗೆ ನುಣುಪಾಗುವುದು ಕಂಡರೆ ಬಿ12 ನೋಡಿಸಿ. ನಮ್ಮಲ್ಲಿ ಸಸ್ಯಾಹಾರಿಗಳಿಗೆ ಬಿ12 ಕಡಿಮೆ ಇರುವುದು ಮಾಮೂಲು ಎಂದು ಅಲ್ಲಿಗೇ ಬಿಡುತ್ತೇವೆ. ಎಂಜಿ ಇದ್ದವರಲ್ಲಿ ಹೊಟ್ಟೆಯಲ್ಲೇ ಬಿ12 ಹೀರಿಕೊಳ್ಳಲು ಬಿಡದ ಆಟೊಇಮ್ಯೂನ್ ಕಾರಣವೂ ಇರಬಹುದು. ಆಗ ಹಾಲು, ಮೊಸರು ಜಾಸ್ತಿ ತಗೊಂಡರೆ ಸಾಲದು, ಇಂಜೆಕ್ಷನ್ ಬೇಕಾಗಬಹುದು.

ತೊನ್ನು, ತಲೆಯಲ್ಲಿ ನಾಣ್ಯದಷ್ಟು ಜಾಗ ಕೂದಲು ಹೋಗುವುದು, ಬಾಯಿ ಮತ್ತು ಕಣ್ಣು ಒಣಗುವುದು ಇವೂ ಜೊತೆಯಾಗಬಹುದು. ಮೊದಲೆರಡನ್ನು ಚರ್ಮದ ಡಾಕ್ಟರ್‌ಗೆ, ಬಾಯಿ, ಕಣ್ಣು ಒಣಗುವುದನ್ನು ಕೀಲಿನ ಡಾಕ್ಟರ್‌ಗೆ ತೋರಿಸಿ, ಗಾಬರಿ ಬೇಡ.

ಗಾಬರಿಯಾಗಿ ಓಡಬೇಕಾದ್ದು ಒಂದಿದೆ. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಕಾಯಿಲೆ ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುತ್ತದೆ. ತುಂಬಾ ಅಪರೂಪ. ಆದರೆ ಎಂಜಿ ಇರುವವರಲ್ಲಿ ಉಳಿದವರಿಗಿಂತ ಜಾಸ್ತಿ, ಅದೂ ಎಂಜಿ ಶುರುವಾಗಿ ಎಷ್ಟೋ ವರ್ಷಗಳ ನಂತರ ಬರುವುದುಂಟು. ಒಂದು ಕಣ್ಣು ನೋವಿನ ಜೊತೆ ಒಂದೆರಡು ದಿನದಲ್ಲಿ ಮಂಜಾಗುವುದು, ಹೊಟ್ಟೆಯಿಂದ ಕೆಳಗೆ ಮರಗಟ್ಟಿ ಎರಡೂ ಕಾಲು ಸೋಲುವುದು, ಮೂತ್ರ ಕಟ್ಟುವುದು, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ ಅಥವಾ ವಾಂತಿ ಇದರ ಸುಳಿವು. ಎಂಜಿ ಜಾಸ್ತಿಯಾಗಿದೆ ಎಂದು ಪಿರಿಡೊಸ್ಟಿಗ್ಮಿನ್ ಏರಿಸಿಕೊಂಡು ಕೂತರೆ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಅವತ್ತೇ ನ್ಯೂರಾಲಜಿ ಇರುವ ಆಸ್ಪತ್ರೆಗೆ ಹೋಗಿ.

ಥೈಮೋಮಾ ಇದ್ದವರದು ಸ್ವಲ್ಪ ಬೇರೆ ಪಟ್ಟಿ. ಗಡ್ಡೆ ತೆಗೆಸಿದ ಮೇಲೂ ಇವು ಬರಬಹುದು. ಎಲ್ಲೂ ರಕ್ತ ಹೋಗದಿದ್ದರೂ ಹಿಮೋಗ್ಲೋಬಿನ್ ಪಾತಾಳಕ್ಕೆ ಇಳಿಯುವುದು, ಅಂದರೆ ಮಜ್ಜೆಯಲ್ಲಿ ಕೆಂಪು ಕಣ ತಯಾರಾಗುವುದೇ ನಿಂತಿರುವುದು. ಮತ್ತೆ ಮತ್ತೆ ನ್ಯುಮೋನಿಯಾ, ಸೈನಸ್ ಸೋಂಕು ಬರುವುದು, ಅಂದರೆ ರಕ್ತದಲ್ಲಿ ಇಮ್ಯುನೊಗ್ಲೋಬ್ಯುಲಿನ್ ಕಡಿಮೆಯಾಗಿರುವುದು. ಸ್ನಾಯುಗಳು ತಾವಾಗಿ ಮಿಡಿದು ಸೆಟೆದುಕೊಳ್ಳುವುದು. ಹೃದಯದ ಸ್ನಾಯು ಊದಿಕೊಂಡು ಎದೆನೋವು, ತಾಳ ತಪ್ಪಿದ ಬಡಿತ ಬರುವುದು. ಆಪರೇಷನ್ ಆಯಿತು, ಮುಗಿಯಿತು ಎಂದು ಫಾಲೋಅಪ್ ಬಿಡಬೇಡಿ.

ಕ್ಯಾನ್ಸರ್ ಚಿಕಿತ್ಸೆಯ ವಿಷಯವೂ ಇಲ್ಲಿ ಸೇರುತ್ತದೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಥರದ ಇಮ್ಯುನೊಥೆರಪಿ ಔಷಧಿಗಳು ರೋಗನಿರೋಧಕ ವ್ಯವಸ್ಥೆಯ ಬ್ರೇಕ್ ಬಿಡಿಸಿ ಕೆಲಸ ಮಾಡುತ್ತವೆ. ಇದರಿಂದ ಹಳೇ ಎಂಜಿ ಕೆರಳಬಹುದು, ಇಲ್ಲದವರಿಗೆ ಹೊಸದಾಗಿ ಬರಬಹುದು. ಸ್ನಾಯು ಮತ್ತು ಹೃದಯದ ಊತ ಜೊತೆಗೇ ಬರುವುದೂ ಉಂಟು. ಕ್ಯಾನ್ಸರ್ ಡಾಕ್ಟರ್‌ಗೆ ಮೊದಲ ದಿನವೇ ಹೇಳಿ.

ಹಂತ 5: ಯಾವ ಟೆಸ್ಟ್ ಬೇಕು, ಯಾವುದು ಬೇಡ

ಥೈರಾಯ್ಡ್ ಟೆಸ್ಟ್ ಲಕ್ಷಣ ಇಲ್ಲದಿದ್ದರೂ ಎಂಜಿ ಗೊತ್ತಾದಾಗ ಮಾಡಿಸುವುದು ರೂಢಿ. ಸಿಬಿಸಿ, ಸಕ್ಕರೆ, ಲಿವರ್ ಟೆಸ್ಟ್ ಹೇಗೂ ಮಾತ್ರೆಗಳ ಸಲುವಾಗಿ ಆಗಾಗ ನಡೆಯುತ್ತವೆ. ಬಿ12, ವಿಟಮಿನ್ ಡಿ ಸೇರಿಸಿಕೊಳ್ಳಬಹುದು.

ಆದರೆ ಸುಮ್ನೆ ಇರಲಿ ಎಂದು ಆಟೊಇಮ್ಯೂನ್ ಪ್ಯಾಕೇಜ್ ಮಾಡಿಸಬೇಡಿ. ಲೂಪಸ್ ಅನುಮಾನ ಬಂದಾಗ ಮಾಡುವ ಎಎನ್‌ಎ ಟೆಸ್ಟ್ ಏನೂ ಕಾಯಿಲೆಯಿಲ್ಲದ ಎಷ್ಟೋ ಜನರಿಗೂ ಪಾಸಿಟಿವ್ ಬರುತ್ತದೆ, ಎಂಜಿ ಇರುವವರಿಗೆ ಇನ್ನೂ ಜಾಸ್ತಿ. ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಅಲ್ಲ. ಲಕ್ಷಣ ಇದ್ದರೆ ಟೆಸ್ಟ್, ಇಲ್ಲದಿದ್ದರೆ ಬೇಡ. ಆ ದುಡ್ಡನ್ನು ಎದೆಯ ಸಿಟಿ ಆಗಿಲ್ಲದಿದ್ದರೆ ಅದಕ್ಕೆ ಇಡಿ.

ಹಂತ 6: ಒಂದು ಹಾಳೆ, ಎಲ್ಲ ಡಾಕ್ಟರಿಗೂ

ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಎಂಜಿಗೆ ತೋರಿಸಿ, ರಾಯಚೂರಿನಲ್ಲೋ ಶಿರಸಿಯಲ್ಲೋ ಇರುವವರು ಎಷ್ಟೋ ಜನ. ತಿಂಗಳುಗಟ್ಟಲೆ ನಡುವೆ ನೋಡುವವರು ಊರಿನ ಡಾಕ್ಟರ್. ಅವರಿಗೆ ದಪ್ಪ ಫೈಲ್ ತಿರುವಿ ಹಾಕಲು ಸಮಯ ಇರುವುದಿಲ್ಲ. ಒಂದೇ ಹಾಳೆ ಮಾಡಿ, ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡಿ, ಫೋಟೋ ಮನೆಯವರ ಮೊಬೈಲಿನಲ್ಲಿರಲಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಮಯಸ್ತೇನಿಯಾ ಗ್ರೇವಿಸ್ ಇದೆ". ಅದರ ಕೆಳಗೆ ಯಾವ ಪ್ರತಿಕಾಯ, ಥೈಮಸ್ ಆಪರೇಷನ್ ಆದ ವರ್ಷ, ಜೊತೆಗಿರುವ ಕಾಯಿಲೆಗಳು, ಈಗಿನ ಮಾತ್ರೆ ಮತ್ತು ಪ್ರಮಾಣ, ನ್ಯೂರೋ ಡಾಕ್ಟರ್ ಫೋನ್. ಕೊನೆಗೆ ಎಚ್ಚರದ ಔಷಧಿಗಳು.

ಆ ಕೊನೆಯ ಪಟ್ಟಿಯಲ್ಲಿ ಇವು ಇರಲೇಬೇಕು: ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ಗುಂಪು. ಅಜಿಥ್ರೊಮೈಸಿನ್ ಗುಂಪು. ಜೆಂಟಮೈಸಿನ್, ಅಮಿಕಾಸಿನ್ ಇಂಜೆಕ್ಷನ್. ಬೀಟಾ ಬ್ಲಾಕರ್. ಕ್ವಿನೈನ್. ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ. ಬೊಟಾಕ್ಸ್. ಅರಿವಳಿಕೆಯಲ್ಲಿ ಬಳಸುವ ಸ್ನಾಯು ಸಡಿಲಿಸುವ ಔಷಧಿಗಳು. ಕೆಲವನ್ನು ಬೇರೆ ದಾರಿ ಇಲ್ಲದಾಗ ಆಸ್ಪತ್ರೆಯಲ್ಲಿ ಎಚ್ಚರದಿಂದ ಕೊಡಬಹುದು. ಆದರೆ ಕೊಡುವವರಿಗೆ ಎಂಜಿ ಇದೆಯೆಂದು ಗೊತ್ತಿರಬೇಕು.

ಇದು ಯಾಕೆ ಇಷ್ಟು ಮುಖ್ಯ ಎಂದು ಒಂದು ಉದಾಹರಣೆ ಹೇಳುತ್ತೇನೆ. ಪಿರಿಡೊಸ್ಟಿಗ್ಮಿನ್‌ನಿಂದ ಹೊಟ್ಟೆ ನುಲಿದು ಭೇದಿಯಾಗುವುದು ಸಾಮಾನ್ಯ. ಥೈರಾಯ್ಡ್ ಜಾಸ್ತಿಯಾದರೂ ಭೇದಿ. ಮನೆಯವರು ಮೆಡಿಕಲ್ ಶಾಪಿಗೆ ಹೋಗಿ "ಲೂಸ್ ಮೋಷನ್‌ಗೆ ಮಾತ್ರೆ ಕೊಡಿ" ಅನ್ನುತ್ತಾರೆ. ಕೌಂಟರಿನವರು ಒಫ್ಲಾಕ್ಸಸಿನ್, ಆರ್ನಿಡಜೋಲ್ ಸೇರಿದ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಔಷಧಿಯ ಹೆಸರು ಕೂಡ ಪೂರ್ತಿ ಇರುವುದಿಲ್ಲ. ಸೋಂಕೇ ಇಲ್ಲದ ಭೇದಿಗೆ ಎಂಜಿ ಕೆರಳಿಸುವ ಆಂಟಿಬಯೋಟಿಕ್ ಹೊಟ್ಟೆ ಸೇರಿತು. ಈ ಗುಂಪಿನ ಮಾತ್ರೆಗಳ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಂಜಿ ಬಗ್ಗೆ ಅತಿ ಗಂಭೀರ ಎಚ್ಚರಿಕೆ ಮುದ್ರಿಸಲು ಹೇಳಿತು. ನನ್ನ ತಂಗಿಗೆ ಹೀಗೆ ಕೊಡಲು ಹೊರಟಾಗ ಅವಳು ಪರ್ಸಿನಿಂದ ಹಾಳೆ ತೆಗೆದು ಕೌಂಟರ್ ಮೇಲಿಟ್ಟಳು. ಅಂಗಡಿಯವರು ಓದಿ, ಸ್ಟ್ರಿಪ್ ವಾಪಸ್ ಇಟ್ಟು, ಓಆರ್‌ಎಸ್ ಕೊಟ್ಟು, ಡಾಕ್ಟರ್‌ಗೆ ಫೋನ್ ಮಾಡಿ ಅಂದರು. ನಿಜವಾಗಿ ಸೋಂಕು ಇದ್ದಾಗ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪು, ಸೆಫಲೊಸ್ಪೊರಿನ್ ಗುಂಪು ಸಾಮಾನ್ಯವಾಗಿ ಎಂಜಿಯವರಿಗೆ ಹೊಂದುತ್ತವೆ. ಅಲರ್ಜಿ ಇದ್ದರೆ ಅದನ್ನೂ ಹಾಳೆಯಲ್ಲಿ ಬರೆಯಿರಿ.

ಹಂತ 7: ಒಂದೇ ಮಾತ್ರೆ ಎರಡು ಕಾಯಿಲೆಗೆ ಕೆಲಸ ಮಾಡುವಾಗ

ಸ್ಟೀರಾಯ್ಡ್, ಅಜಥಯೋಪ್ರಿನ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್ ಇವುಗಳನ್ನು ಎಂಜಿಗೂ ಕೊಡುತ್ತಾರೆ, ಲೂಪಸ್, ಕೀಲುವಾತ ಮುಂತಾದವಕ್ಕೂ ಕೊಡುತ್ತಾರೆ. ಹಾಗಾಗಿ ಎಂಜಿ ಸುಧಾರಿಸಿತು ಎಂದು ಸ್ಟೀರಾಯ್ಡ್ ಇಳಿಸುವಾಗ, ಅದುವರೆಗೆ ಅಡಗಿದ್ದ ಕೀಲು ನೋವೋ ಚರ್ಮದ ದದ್ದೋ ತಲೆ ಎತ್ತಬಹುದು. ಡೋಸ್ ಇಳಿಸಿದ ಪ್ರತಿ ದಿನಾಂಕ ಬರೆದಿಡಿ. ಸ್ಟೀರಾಯ್ಡನ್ನು ಏಕಾಏಕಿ ನಿಲ್ಲಿಸಬಾರದು. ಶುರು ಮಾಡುವಾಗಲೂ ಮೊದಲ ಒಂದೆರಡು ವಾರ ಎಂಜಿ ಜಾಸ್ತಿಯಾಗಬಹುದು. ಕೀಲಿಗೆಂದೋ ಚರ್ಮಕ್ಕೆಂದೋ ಬೇರೆ ಡಾಕ್ಟರ್ ಜಾಸ್ತಿ ಡೋಸ್ ಸ್ಟೀರಾಯ್ಡ್ ಬರೆದರೆ ನ್ಯೂರೋ ಡಾಕ್ಟರ್‌ಗೆ ತಿಳಿಸಿಯೇ ಶುರು ಮಾಡಿ.

ಅಜಥಯೋಪ್ರಿನ್ ತಗೊಳ್ಳುವವರಿಗೆ ಯೂರಿಕ್ ಆಸಿಡ್ ಜಾಸ್ತಿ ಎಂದು ಅಲೋಪ್ಯುರಿನಾಲ್ ಅಥವಾ ಫೆಬುಕ್ಸೊಸ್ಟ್ಯಾಟ್ ಕೊಟ್ಟರೆ ಬಿಳಿ ಕಣಗಳು ಅಪಾಯಕ್ಕೆ ಇಳಿಯುತ್ತವೆ. ಕೀಲು ನೋವಿಗೆ ಯೂರಿಕ್ ಆಸಿಡ್ ಟೆಸ್ಟ್ ಮಾಡಿ ಮಾತ್ರೆ ಕೊಡುವುದು ನಮ್ಮಲ್ಲಿ ಮಾಮೂಲು, ಅದಕ್ಕೇ ಹೇಳುತ್ತಿದ್ದೇನೆ.

ಈ ಮಾತ್ರೆಗಳನ್ನು ಶುರು ಮಾಡುವ ಮುಂಚೆ ಟಿಬಿ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಕೇಳಿ. ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆ ಬಗ್ಗೆಯೂ ಕೇಳಿ. ಜೀವಂತ ಲಸಿಕೆಗಳು ಈ ಮಾತ್ರೆಯ ಮೇಲಿರುವವರಿಗೆ ಆಗುವುದಿಲ್ಲ. ಆಫ್ರಿಕಾ ಕಡೆ ಕೆಲಸಕ್ಕೆ ಹೋಗುವವರು ಗಮನಿಸಿ: ಹಳದಿ ಜ್ವರದ ಲಸಿಕೆ ಥೈಮಸ್ ತೊಂದರೆ ಇರುವ, ಥೈಮಸ್ ತೆಗೆಸಿರುವ ಎಂಜಿ ರೋಗಿಗಳಿಗೆ ಕೊಡಬಾರದ ಲಸಿಕೆ. ವೀಸಾ ಕೆಲಸಕ್ಕೆ ಮುಂಚೆಯೇ ಡಾಕ್ಟರ್ ಪತ್ರ ಮಾಡಿಸಿಕೊಳ್ಳಿ.

ಇಮ್ಯುನಿಟಿ ಹೆಚ್ಚಿಸುವ ಕಷಾಯ, ಪುಡಿಗಳ ಬಗ್ಗೆ ಕಳಕಳಿಯಿಂದ ಒಂದು ಮಾತು. ನಮ್ಮ ಕಾಯಿಲೆ ಇಮ್ಯುನಿಟಿ ಕಡಿಮೆಯಾಗಿ ಬಂದದ್ದಲ್ಲ, ದಾರಿ ತಪ್ಪಿ ಬಂದದ್ದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಮನೆಮನೆಯಲ್ಲಿ ಕುದಿಯಿತು. ಅದನ್ನು ತಗೊಂಡ ಕೆಲವರಲ್ಲಿ ಆಟೊಇಮ್ಯೂನ್ ಥರದ ಲಿವರ್ ಊತ ಕಂಡಿತೆಂದು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಸಲಹೆ: ಈಗಾಗಲೇ ಆಟೊಇಮ್ಯೂನ್ ಕಾಯಿಲೆ ಇರುವವರು ಇದನ್ನು ದೂರ ಇಡುವುದೇ ಒಳ್ಳೆಯದು.

ಹಂತ 8: ಮಗು ಬೇಕೆಂದಾಗ

ಎಂಜಿ ಇದ್ದೂ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬೇಕಾದಷ್ಟಿದ್ದಾರೆ. ಆದರೆ ಗರ್ಭ ನಿಲ್ಲುವ ಮುಂಚೆಯೇ ಡಾಕ್ಟರ್ ಜೊತೆ ಕೂತು ಮಾತಾಡಬೇಕು. ಮೈಕೊಫಿನೊಲೇಟ್, ಮೆಥೊಟ್ರೆಕ್ಸೇಟ್ ಮಗುವಿಗೆ ಹಾನಿ ಮಾಡುತ್ತವೆ, ಮುಂಚಿತವಾಗಿ ಬದಲಿಸಬೇಕು. ಥೈರಾಯ್ಡ್ ಹತೋಟಿಗೆ ಬಂದಿರಬೇಕು. ಲೂಪಸ್ ಅಥವಾ ಬಾಯಿ, ಕಣ್ಣು ಒಣಗುವ ಶೋಗ್ರೆನ್ ಇದ್ದರೆ ರೋ ಪ್ರತಿಕಾಯ ನೋಡಿಸಬೇಕು, ಅದು ಮಗುವಿನ ಹೃದಯ ಬಡಿತವನ್ನು ನಿಧಾನ ಮಾಡಬಲ್ಲದು. ಬಿಪಿ ಏರಿ ಫಿಟ್ಸ್ ಬಾರದಂತೆ ಹೆರಿಗೆ ಸಮಯದಲ್ಲಿ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಎಂಜಿಯವರಿಗೆ ಅಪಾಯ. ಹೆರಿಗೆ ಡಾಕ್ಟರ್ ಫೈಲಿನ ಮೊದಲ ಪುಟದಲ್ಲೇ ಇದನ್ನು ಬರೆಸಿ. ಹುಟ್ಟಿದ ಮಗುವಿಗೆ ಕೆಲವು ವಾರ ಹಾಲು ಚೀಪಲು, ಅಳಲು ಬಲ ಕಡಿಮೆ ಇರಬಹುದು. ತಾಯಿಯ ಪ್ರತಿಕಾಯ ಕರಗಿದ ಮೇಲೆ ಸರಿಹೋಗುತ್ತದೆ, ಆದರೆ ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು.

ಹಂತ 9: ತುರ್ತು ಯಾವುದು

ಚೆನ್ನಾಗಿರುವ ದಿನ ಒಂದು ಕೆಲಸ ಮಾಡಿ. ಪೂರ್ತಿ ಉಸಿರೆಳೆದುಕೊಂಡು, ಸೆಕೆಂಡಿಗೆ ಒಂದರಂತೆ, ಅದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲಿರಿ ನೋಡಿ. ಆ ಸಂಖ್ಯೆಯನ್ನು ಹಾಳೆಯಲ್ಲಿ ಬರೆದಿಡಿ. ಮುಂದೆ ಅದು ದಿನದಿಂದ ದಿನಕ್ಕೆ ಇಳಿಯುತ್ತಾ 20ರ ಕೆಳಗೆ ಬಂದರೆ ಕಾಯಬೇಡಿ.

ಮಲಗಿದರೆ ಉಸಿರು ಕಟ್ಟುವುದು, ನೀರು ಕುಡಿದರೆ ಮೂಗಿನಿಂದ ಬರುವುದು, ಎಂಜಲು ನುಂಗಲು ಆಗದಿರುವುದು, ಕತ್ತು ಎತ್ತಿ ಹಿಡಿಯಲು ಆಗದಿರುವುದು, ಕೆಮ್ಮಿಗೆ ಬಲವಿಲ್ಲದಿರುವುದು ಇವೆಲ್ಲ ಅದೇ ಸಾಲಿನವು. ಮನೆಯಲ್ಲಿರುವ ಆಕ್ಸಿಮೀಟರ್ 97 ತೋರಿಸುತ್ತಿದೆ ಎಂದು ನೆಚ್ಚಿಕೊಳ್ಳಬೇಡಿ. ಎಂಜಿಯಲ್ಲಿ ಉಸಿರಿನ ಸ್ನಾಯು ಸೋಲುವಾಗ ಆಕ್ಸಿಜನ್ ಅಂಕಿ ತುಂಬಾ ತಡವಾಗಿ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಕರೆದೊಯ್ಯಲು ಹೇಳಿ. ಹಾಳೆಯನ್ನು ಆಂಬುಲೆನ್ಸಿನವರ ಕೈಗೆ ಕೊಡಿ. ಜೊತೆಗೆ ಹಿಂದಿನ ಎರಡು ವಾರದಲ್ಲಿ ಹೊಸದಾಗಿ ಶುರುವಾದ ಮಾತ್ರೆಗಳ ಸ್ಟ್ರಿಪ್, ಖಾಲಿಯಾದವೂ ಸೇರಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.